ಬೈಯಲು ಬಾರದ ಅತಿಥಿ

"ಅಮ್ಮಾ, ಯಾರೋ ಪಾಪ ನನ್ನ ಬಾಗಿಲ ಮುಂದೆ ಕಾಳು ಚೆಲ್ಕೊಂಡು ಹೋಗಿದಾರೆ. ಇಂಥಾ ಹೊತ್ತಲ್ಲಿ ಒಂದೊಂದು ಕಾಳೂ ಒಂದೊಂದು ಜೀವ. ಆರಿಸಿಟ್ಟಿದೀನಿ, ತಗೊಳ್ಳಿ."

ನಮ್ಮನ್ನಾಳುವ ಮಾಲಿ ದೊರೆಯ ದೂತನೆಂದು ನನ್ನ ಮನೆಗೆ ಬಂದಿಳಿದ ಕೆಲೆಫಾ ಜಾರಾ ಎರಡೂ ಕೈ ಕೂಡಿಸಿ ನನ್ನ ಮುಂದೆ ಹಿಡಿದ. ಬೊಗಸೆಯಲ್ಲಿ ಅಲಸಂದೆ ಕಾಳು. ಮಣ್ಣು ಊದಿ, ಒರೆಸಿ, ಚೊಕ್ಕ ಮಾಡಿದ ಕಾಳು.

ನಾನು ಸೆರಗೊಡ್ಡಿ ಇಸಿದುಕೊಂಡೆ. "ದೇವರು ಒಳ್ಳೇದು ಮಾಡ್ಲಪ್ಪ" ಎಂದೆ. ಬಾಯಿ ಹೇಳಿತು. ಕಣ್ಣು ಮಾತ್ರ ಕಾಳಿನ ಮೇಲಿಂದ ಏಳಲಿಲ್ಲ.

ಆ ದಿನ ಬೆಳಕು ಹರಿಯುವಾಗ ಹೊಳೆ ಕಡೆಯ ನೀರುಬಾಗಿಲ ಕಾವಲುಗಾರ ಜಾಂಗೊ ತರಾವೆಲೆಯ ಹೆಣ ಸಿಕ್ಕಿತ್ತು. ಕೊರಳಿಗೆ ನನ್ನ ಅಳಿಯ ನೂಹುವಿನ ಬಲೆಯ ಹಗ್ಗ ಬಿಗಿದಿತ್ತು. ಇಳಿಹೊತ್ತಿನ ನಮಾಜು ಮುಗಿಯುತ್ತಲೇ ನೂಹುವನ್ನು ಕಲ್ಲು ಕಟ್ಟಿ ಹೊಳೆಗೆ ಹಾಕುವುದೆಂದು ಡಂಗುರವೂ ಆಗಿತ್ತು.

ಜಾಂಗೊ ನನ್ನ ದೊಡ್ಡಪ್ಪನ ಮಗ. ನೂಹು ನನ್ನ ಒಬ್ಬಳೇ ಮಗಳ ಗಂಡ. ಸತ್ತವನೂ ನಮ್ಮವನು, ಸಾಯಬೇಕಾದವನೂ ನಮ್ಮವನು. ಯಾರಿಗೆ ಅಳಲಿ ಎಂದು ಗೊತ್ತಾಗದೆ ಬೆಳಗಿನಿಂದ ಅಂಗಳ ಗುಡಿಸುತ್ತಿದ್ದೆ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ.

ಈಗ ಈ ಕಾಳು.

ಆ ಕಾಳು ಅಲ್ಲಿಗೆ ಹೇಗೆ ಬಂತು ಎಂದು ಬಲ್ಲವರು ಇಬ್ಬರೇ. ಒಬ್ಬ ಜಾಂಗೊ. ಇನ್ನೊಬ್ಬಳು ನಾನು. ಹಿಂದಿನ ದಿನ ಬಿಸಿಲು ತಗ್ಗುವ ಹೊತ್ತಿಗೆ ಜಾಂಗೊ ನನ್ನ ಮನೆಗೆ ಬಂದಿದ್ದ, ಮುಷ್ಟಿ ಮುಚ್ಚಿಕೊಂಡು, ಕಳ್ಳ ಬೆಕ್ಕಿನ ಹಾಗೆ ನಗುತ್ತ.

"ಸಾನಾಬಾ, ಬಿತ್ತನೆಗೆ ಅಂತ ಇಟ್ಟಿದ್ದ ಕಾಳು ಕಣೆ. ಹೆಂಡ್ತಿಗೆ ಗೊತ್ತಾದ್ರೆ ನನ್ನ ಹೂತಾಕ್ತಾಳೆ. ಆದ್ರೂ ಮಾಲಿಯಿಂದ ಒಬ್ಬ ಜಾರಾ ಬಂದವ್ನೆ, ನಿನ್ನ ಮನೇಲಿ ಇಳಿದವ್ನೆ, ಸುಮ್ನೆ ಬಿಡೋಕಾಗುತ್ತಾ?"

ಎಂದವನೇ ಅತಿಥಿಯ ಮುಚ್ಚಿದ ಬಾಗಿಲಿಗೆ ಕಾಳು ಎರಚಿದ. "ಏ ಅಲಸಂದೆ ತಿನ್ನೋನೇ! ಹೊರಗೆ ಬಾರೋ! ನಿನ್ನ ಧಣಿ ಬಂದವ್ನೆ!" ಎಂದು ಕೂಗಿದ.

ಸ್ವಲ್ಪ ಹೊತ್ತಿಗೆ ಕೆಲೆಫಾ ಹೊರಬಂದು, ತಲೆ ಬಾಗಿಸಿ, "ಹಿರಿಯರೇ, ನನ್ನಿಂದ ಏನಾದರೂ ತಪ್ಪಾಯ್ತಾ?" ಎಂದು ಕೇಳಿದ.

ಜಾಂಗೊ ಬಾಯಿ ತೆರೆದವನು ಹಾಗೇ ನಿಂತ. ಹೋಗುವಾಗ ನನ್ನ ಕಿವಿಯಲ್ಲಿ, "ಈ ಜಾರಾನ ನಾಲಿಗೆಗೆ ಯಾರೋ ಗಂಟು ಹಾಕವ್ರೆ ಕಣೆ. ನಾಳೆ ಇನ್ನೊಂದು ಸಲ ಕೆಣಕಿ ನೋಡ್ತೀನಿ" ಎಂದ. ನಾನು ನಕ್ಕುಬಿಟ್ಟೆ. ದೂರ ನಡೆದು ದಣಿದಿದ್ದಾನೆ, ಪಾಪ, ಎಂದುಕೊಂಡೆ; ಅದಕ್ಕೇ ನಾನೂ ಅವನನ್ನು ಕೆಣಕಿರಲಿಲ್ಲ. ಅರವತ್ತು ವರ್ಷ ವ್ಯಾಪಾರಿಗಳಿಗೆ ಮನೆ ಕೊಟ್ಟವಳು ನಾನು. ಆ ಹೊತ್ತು ಕತ್ತೆಗಿಂತ ಕತ್ತೆಯಾದೆ.

ನಮ್ಮ ಕಡೆಯ ಹಸುಗೂಸಿಗೂ ಗೊತ್ತಿರುವ ಮಾತಿದು. ಜಾರಾ ಕುಲ, ತರಾವೆಲೆ ಕುಲ ಎಂದರೆ ಬೈಗುಳದ ನಂಟರು. ಕಂಡಕಂಡಲ್ಲಿ ಬೈದುಕೊಳ್ಳಬೇಕು. ನೀನು ನನ್ನ ಜೀತದವನು, ನಿಮ್ಮಜ್ಜ ಕತ್ತೆ ಕಳ್ಳ, ನೀನು ಅಲಸಂದೆ ತಿಂದು ಹಿಂದಿನಿಂದ ಊದುವವನು. ಸಂತೆಯಲ್ಲಿ ಬೈಯಬೇಕು, ಮದುವೆಯಲ್ಲಿ ಬೈಯಬೇಕು. ನನ್ನ ಗಂಡನನ್ನು ಹೂಳುವಾಗ ಒಬ್ಬ ಜಾರಾ ಗುಂಡಿಗೆ ಇಳಿದು ಮಲಗಿಬಿಟ್ಟಿದ್ದ. "ಈ ಜಾಗ ನಂದು, ಕೋಳಿ ಕೊಡೋ ತನಕ ಏಳಲ್ಲ" ಎಂದು ಹಟ. ಅಳುತ್ತಿದ್ದ ನಾನು ಬಿದ್ದು ಬಿದ್ದು ನಕ್ಕಿದ್ದೆ. ಅದಕ್ಕೇ ಇರುವುದು ಆ ನಂಟು. ಬೈಗುಳ ಎಷ್ಟು ಬೇಕಾದರೂ ಹರಿಯಲಿ, ಒಬ್ಬರ ರಕ್ತ ಇನ್ನೊಬ್ಬರ ಕೈಗೆ ಅಂಟಬಾರದು.

ಬೈದರೆ ತಿರುಗಿ ಬೈಯದ ಜಾರಾನನ್ನು ನಾನು ಕಂಡೇ ಇಲ್ಲ. ಎರಚಿದ ಕಾಳನ್ನು ಆರಿಸಿ, ಒರೆಸಿ, ಬೊಗಸೆಯಲ್ಲಿ ತಂದುಕೊಡುವ ಜಾರಾ ಹುಟ್ಟಿಯೇ ಇಲ್ಲ.

ಹಾಗಾದರೆ ನನ್ನ ಮನೆಯಲ್ಲಿ ಮೂರು ದಿನದಿಂದ ಉಣ್ಣುತ್ತಿರುವವನು ಯಾರು?

ಸೆರಗಿನ ಕಾಳನ್ನು ಗಂಟು ಕಟ್ಟಿದೆ. ಮಗಳು ಕುಂಬಾ ಒಲೆಯ ಮುಂದೆ ನೈದಿಲೆ ಗೆಡ್ಡೆ ಬೇಯಿಸುತ್ತಿದ್ದಳು. ಊರಿನ ಸುತ್ತ ಹಗೆಗಳಾದ ಗಾವೊದವರ ದೋಣಿಗಳು ಮುತ್ತಿಗೆ ಹಾಕಿ ಎರಡು ವರ್ಷ ಆಗಿತ್ತು. ನಮ್ಮೂರು ಸೊರೊಬಾದಲ್ಲಿ ಅಕ್ಕಿ ಮುಗಿದು, ಸಜ್ಜೆ ಮುಗಿದು, ಕತ್ತೆಗಳೂ ಮುಗಿದಿದ್ದವು.

ಕುಂಬಾ ತಲೆ ಎತ್ತಲಿಲ್ಲ. "ಅವ್ವ, ನೂಹು ಹತ್ರ ಮಾತಾಡೋಕೂ ಬಿಡ್ಲಿಲ್ಲ. ಬಾಯಿಗೆ ಬಟ್ಟೆ ತುರುಕಿ ಇಟ್ಟವ್ರೆ. ದಳಪತಿ ಹೇಳ್ದ, ಅವ್ನು ಬಾಯಿಬಿಟ್ರೆ ಊರಿಗೆ ಶಾಪ ಹಾಕ್ತಾನಂತೆ."

"ಯಾವ ಶಾಪ? ಆ ನಿನ್ನ ಗಂಡ ಮೀನಿಗೂ ಬೈಯದೋನು."

"ಅವ್ವ, ನಿನ್ನ ಬಾಯಿಗೆ ಊರೇ ಹೆದರ್ತದೆ. ಅರವತ್ತು ವರ್ಷದಿಂದ ಆ ಬಾಯಲ್ಲಿ ಎಲ್ಲಾರನ್ನೂ ಬೈದಿದೀಯ. ಇವತ್ತೊಂದು ಸಲ ಅದರಿಂದ ಅವ್ನನ್ನ ಮನೆಗೆ ಕರ್ಕೊಂಡು ಬಾ. ಇನ್ನೇನೂ ಕೇಳಲ್ಲ."

ಹೊಗೆಗೋ ಏನೋ ಅವಳ ಕಣ್ಣು ಕೆಂಪಾಗಿತ್ತು. ನಾನು ಕೋಲು ಹಿಡಿದು ಹೊರಟೆ.

ದಳಪತಿ ಸುಂಗಾಲೊ ಜಾರಾ ಕೋಟೆಯ ಮಣ್ಣುಗೋಡೆಗೆ ಒರಗಿ ಅಡಿಕೆಯಂಥ ಕೋಲಾ ಕಾಯಿ ಅಗಿಯುತ್ತಿದ್ದ. ಊರಿನ ಬಾಗಿಲುಗಳೆಲ್ಲ ಅವನ ಕಾವಲಿನಲ್ಲಿದ್ದವು. ಅವನು ನಿಜವಾದ ಜಾರಾ. ಅವನ ತಾಯಿ ಹೆತ್ತಾಗ ಬಿಸಿನೀರು ಕಾಯಿಸಿದವಳು ನಾನೇ.

"ಏ ಮುದುಕಿ! ಇನ್ನೂ ಸತ್ತಿಲ್ವಾ?" ದೂರದಿಂದಲೇ ಕೂಗಿದ. "ನಿನ್ನ ಹೆಣ ಹೊರೋಕೆ ನಾಕು ಕತ್ತೆ ಬೇಕು, ಊರಲ್ಲಿ ಒಂದೂ ಉಳಿದಿಲ್ಲ!"

"ಉಳಿದಿಲ್ಲ ಅಂತ ಯಾರಂದ್ರು? ಜಾರಾ ಕುಲದೋರೆಲ್ಲ ಕಾವಲಿಗೆ ಸೇರಿದ್ರಲ್ಲ!"

ಕಾವಲಿನವರು ನಕ್ಕರು. ಅವನೂ ನಕ್ಕ. ಆಮೇಲೆ ನಾನು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದು, ಕಾಳಿನ ವಿಷಯ ಹೇಳಿದೆ. ಅವನ ಅಗಿತ ನಿಂತಿತು.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ಯಾ?"

"ನಿನಗೇ ಮೊದಲು. ಒಬ್ಬ ಜಾರಾ ಹೌದೋ ಅಲ್ಲವೋ ಅಂತ ಇನ್ನೊಬ್ಬ ಜಾರಾನಲ್ಲದೆ ಇನ್ಯಾರು ಹೇಳ್ಬೇಕು? ಬಾ, ನಿನ್ನ ಕಣ್ಣಾರೆ ನೋಡು. ಜಾಂಗೊನ ಕೊಂದೋನು ಅವ್ನೇ. ಜಾಂಗೊಗೆ ಅನುಮಾನ ಬಂದಿದ್ದು ಗೊತ್ತಾಗಿ ಮುಗಿಸ್ದ. ಆ ಹಗ್ಗ ದಂಡೆ ಮೇಲೆ ಬಿದ್ದಿತ್ತು, ಯಾರು ಬೇಕಾದ್ರೂ ಎತ್ಕೋಬಹುದಿತ್ತು."

ಸುಂಗಾಲೊ ಹೊಳೆಯ ಕಡೆ ನೋಡಿದ. ಗಾವೊ ದೋಣಿಗಳು ಸಾಲಾಗಿ ನಿಂತಿದ್ದವು, ನೀರು ಕುಡಿಯಲು ಬಂದು ಮರೆತು ನಿಂತ ದನಗಳ ಹಾಗೆ. "ನಡಿ" ಎಂದ.

ಅತಿಥಿಯ ಕೋಣೆಯಲ್ಲಿ ಮೂವರೂ ಕೂತೆವು. ಕೆಲೆಫಾ ಚಾಪೆ ಹಾಸಿದ, ನನಗೆ ನೀರು ಕೊಟ್ಟ, ತಾನು ಕೆಳಗೆ ಕೂತ. ನೋಡಲು ಒಳ್ಳೆಯ ಮನೆತನದ ಹುಡುಗನೇ. ಮಾತು ನಮ್ಮ ಮಾತು, ಉಡುಗೆ ನಮ್ಮದು, ಕೆನ್ನೆಯ ಮೇಲಿನ ಗೀರು ಕೂಡ ನಮ್ಮದೇ.

ನಾನು ಸುತ್ತಿ ಬಳಸಲಿಲ್ಲ.

"ಏನೋ ಕೆಲೆಫಾ, ನಿಮ್ಮಜ್ಜ ನಮ್ಮಜ್ಜನ ಹಟ್ಟಿಯಿಂದ ಮೇಕೆ ಕದ್ದು, ಮೇಕೆ ಜೊತೇಲೇ ಮಲಗಿದ್ದಾಗ ಸಿಕ್ಕಿಬಿದ್ನಂತೆ. ನಿಮ್ಮ ಕುಲಕ್ಕೆ ಗಡ್ಡ ಬಂದಿದ್ದು ಆವತ್ತಿಂದಲೇ ಅಂತಾರೆ. ಹೌದೇನೋ?"

ಒಂದು ಜಾರಾ ಕೂಸಾಗಿದ್ದರೂ ಸಾಕಿತ್ತು, ಅಷ್ಟು ಹೊತ್ತಿಗೆ ನನ್ನ ಏಳು ತಲೆಮಾರು ಎತ್ತಿ ಹಾಕಿರುತ್ತಿತ್ತು.

ಕೆಲೆಫಾನ ಹುಬ್ಬು ಗಂಟಾಯಿತು, ಮತ್ತೆ ಸಡಿಲಾಯಿತು. ಎದೆಯ ಮೇಲೆ ಕೈ ಇಟ್ಟುಕೊಂಡ. "ಅಮ್ಮಾ, ನಮ್ಮ ಹಿರಿಯರು ನಿಮ್ಮ ಹಿರಿಯರಿಗೆ ಅನ್ಯಾಯ ಮಾಡಿದ್ರೆ, ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

"ಕ್ಷಮೆ!" ನಾನು ಚಾಪೆಯ ಮೇಲೆ ಕೋಲು ಕುಟ್ಟಿದೆ. "ಕೇಳಿದ್ಯೇನೋ ಸುಂಗಾಲೊ? ಕ್ಷಮೆ ಕೇಳ್ದ! ಜಾರಾ ಕುಲದೋನು ತರಾವೆಲೆ ಮುದುಕಿ ಹತ್ರ ಕ್ಷಮೆ ಕೇಳ್ದ! ಇನ್ನೇನು ಬೇಕು? ಕಟ್ಟು ಕೈನ! ನನ್ನ ಅಳಿಯನ್ನ ಬಿಡ್ಸು!"

ಸುಂಗಾಲೊ ಎದ್ದ. ಕೆಲೆಫಾನ ಕಡೆ ಹೋಗಲಿಲ್ಲ. ಬಾಗಿಲ ಕಡೆ ಹೋದ. ಬಾಗಿಲು ಮುಂದಕ್ಕೆ ತಳ್ಳಿ, ಅಗಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

"ಅಮ್ಮಾ, ದಯವಿಟ್ಟು ಕೂತ್ಕೊಳ್ಳಿ" ಎಂದ.

ಅವನಿಗೆ ಮಾತು ಬಂದ ದಿನದಿಂದ ನನ್ನನ್ನು ಮುದುಕಿ, ಗೂಬೆ, ಕಾಳು ಚೀಲ ಎಂದು ಕರೆದವನು. ಒಂದು ದಿನ, ಒಂದೇ ಒಂದು ದಿನ ಅಮ್ಮಾ ಎಂದವನಲ್ಲ. ಈಗ ಅಂದ. ದಯವಿಟ್ಟು ಅಂತ ಬೇರೆ ಸೇರಿಸಿದ. ಬೈಗುಳ ಇಳಿಸಿಟ್ಟ ಜಾರಾ, ಅದರ ಜೊತೆಗೆ ಬಂದ ಆಣೆಯನ್ನೂ ಇಳಿಸಿಟ್ಟ ಹಾಗೆ. ಇನ್ನು ನನ್ನ ರಕ್ತ ಅವನ ಕೈಗೆ ಅಂಟಿದರೆ ತಡೆಯುವುದು ಏನೂ ಇಲ್ಲ.

ಅವನು ಕೆಲೆಫಾನ ಕಡೆ ತಿರುಗಿ ಗಾವೊ ಭಾಷೆಯಲ್ಲಿ ಏನೋ ಗದರಿದ. ಕೆಲೆಫಾ ತಲೆ ತಗ್ಗಿಸಿದ.

"ಎಲ್ಲಾ ಕಲಿಸಿದ್ದೆ ಇವನಿಗೆ" ಸುಂಗಾಲೊ ನನಗೆ ಹೇಳಿದ, ದಣಿದವನ ಹಾಗೆ. "ಕೂರೋದು, ಏಳೋದು, ಯಾವ ಮಾತಿಗೆ ಯಾವ ಉತ್ತರ, ಎಲ್ಲಾ. ಬೈಯೋದು ಕಲಿಸ್ಬೇಕು ಅಂತ ಹೊಳೀಲೇ ಇಲ್ಲ ಅಮ್ಮಾ. ನಮಗೆ ಯಾರು ಕಲಿಸಿದ್ರು ಹೇಳಿ? ಎದೆಹಾಲಿನ ಜೊತೆ ಬಂತು. ಬಂದಿದ್ದನ್ನ ಪಾಠ ಮಾಡ್ಬೇಕು ಅಂತ ಯಾರಿಗೆ ನೆನಪಿರುತ್ತೆ?"

"ಥೂ! ನಿನ್ನ ಮೂತಿಗಿಷ್ಟು! ಊರು ಮಾರ್ತಿದೀಯಾ?"

ಬೈದೆ, ಬೇಕೆಂದೇ. ತಿರುಗಿ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ನಿಮ್ಮ ಮನೆತನದ ಕತೆ ನೀವೇ ಹೇಳ್ತಿರ್ತೀರಲ್ಲ ಅಮ್ಮಾ. ವಗಾದು ದೊರೆಗಳ ಕಾಲದಲ್ಲಿ ನಿಮ್ಮ ಮೂಲಜ್ಜಿ ಚಿನ್ನದ ವ್ಯಾಪಾರಿಗಳಿಗೆ ಹಾಸಿಗೆ ಹಾಸಿದ್ಲು. ವಗಾದು ಏನಾಯ್ತು? ಬಾವಿ ಬತ್ತಿದ ಹಂಗೆ ಬತ್ತೋಯ್ತು. ಆಮೇಲೆ ಮಾಲಿ ಬಂತು. ನಿಮ್ಮಜ್ಜಿ ಮಾಲಿಯ ಕುದುರೆಗೆ ಹುಲ್ಲು ಹಾಕಿದ್ಲು. ಈಗೆಲ್ಲಿ ಆ ಕುದುರೆ? ಮಾಲಿಗೆ ತಿಂಬುಕ್ತು ಪಟ್ಟಣ ಕೈಬಿಟ್ಟು ಎಷ್ಟು ವರ್ಷ ಆಯ್ತು? ಎರಡು ವರ್ಷದಿಂದ ಮಾಲಿಗೆ ಏಳು ಸಲ ದೂತರನ್ನ ಕಳಿಸಿದ್ವಿ. ಏಳೂ ಸಲ ಉತ್ತರ ಇಲ್ಲ. ಅಲ್ಲಿ ದೊರೆ ಮಕ್ಕಳು ಸಿಂಹಾಸನಕ್ಕೆ ಕಚ್ಚಾಡ್ತಿದಾರೆ ಅಮ್ಮಾ. ನಮ್ಮೂರು ಯಾವ ದಿಕ್ಕಿಗಿದೆ ಅನ್ನೋದೂ ಮರೆತೋಗಿದೆ ಅವರಿಗೆ."

"ಅದಕ್ಕೆ ನೀನೇ ಒಬ್ಬ ದೂತನ್ನ ಹುಟ್ಟಿಸ್ಕೊಂಡೆ."

"ಹೂಂ. ಮಾಲಿಯ ಕುದುರೆದಂಡು ಪಡುವಣ ಜವುಗಿನಾಚೆ ಬಂದು ನಿಂತಿದೆ, ಬಾಗಿಲು ತೆಗೀರಿ ಅಂತ ಇವನು ಸಭೇಲಿ ಹೇಳ್ತಾನೆ. ತೆಗೀತಾರೆ. ಬರೋದು ಗಾವೊ ದಂಡು. ಬಾಗಿಲು ತೆರೆದು ಒಳಗೆ ಕರ್ಕೊಂಡ ಊರನ್ನ ಅವರು ಸುಡಲ್ಲ, ಮಾತು ಕೊಟ್ಟಿದಾರೆ. ಒಡೆದು ನುಗ್ಗಿದ ಊರನ್ನ ಏನು ಮಾಡ್ತಾರೆ ಅಂತ ನಿಮಗೂ ಗೊತ್ತು."

"ಮಾತು ಕೊಟ್ಟವರ ಮೇಲೆ ನಂಬಿಕೆ ಇದ್ದಿದ್ರೆ ಜಾಂಗೊನ ಯಾಕೋ ಕೊಂದ್ರಿ?"

ಕೆಲೆಫಾ ತನ್ನ ಕೈಗಳನ್ನು ನೋಡಿಕೊಂಡ. ಅದೇ ಬೊಗಸೆ ಕೈಗಳು.

ಸುಂಗಾಲೊ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. "ಮಧ್ಯಾಹ್ನದ ನಮಾಜು ಆದ ಕೂಡಲೇ ಸಭೆ. ಖಾಜಿ ಕೇಳೋದು ಒಂದೇ ಮಾತು, ಮನೆ ಕೊಟ್ಟವರನ್ನ. ನಿಮ್ಮ ಅತಿಥಿ ಹೇಳಿಕೊಂಡ ಕುಲದವನು ಹೌದೋ ಅಲ್ಲವೋ ಅಂತ. ನೀವು ಹೌದು ಅನ್ನಿ. ಅಷ್ಟೇ. ಗಾವೊ ಈಜುಗಾರ ಒಬ್ಬ ಗೋಡೆ ಹತ್ತಿ ಬಂದು ಜಾಂಗೊನ ಕೊಂದ, ಅವನ ಹೆಣ ಸಿಕ್ತು ಅಂತ ನಾನು ಹೇಳ್ತೀನಿ. ನೂಹು ಮನೆಗೆ ಬರ್ತಾನೆ. ಅಲ್ಲ ಅಂದ್ರೆ, ನಿಮ್ಮ ಹತ್ರ ಇರೋದು ಒಂದು ಸೆರಗು ಕಾಳು. ಅಳಿಯನ್ನ ಉಳಿಸೋಕೆ ಮುದುಕಿ ಕತೆ ಕಟ್ಟಿದ್ಲು ಅಂತಾರೆ. ನೂಹು ಹೊಳೆಗೆ ಹೋಗ್ತಾನೆ."

ಹೊರಗೆ ಕುಂಬಾ ಬಾವಿಯಿಂದ ನೀರು ಸೇದುತ್ತಿದ್ದಳು. ಹಗ್ಗದ ಕಿರಗುಟ್ಟುವ ಸದ್ದು ಗೋಡೆ ದಾಟಿ ಬರುತ್ತಿತ್ತು.

"ಮನೆ ಕೊಟ್ಟವರ ಮಾತು ಒಂದು ಸಲ ಬಿದ್ರೆ ಬಿತ್ತು" ಎಂದೆ. "ಆಮೇಲೆ ನಾನೇ ಬಂದು ಅಲ್ಲ ಅಂದ್ರೂ ಯಾರೂ ಕೇಳಲ್ಲ."

"ಗೊತ್ತು ಅಮ್ಮಾ. ಅದಕ್ಕೇ ನಿಮ್ಮನ್ನ ಕೇಳ್ತಿರೋದು."

ಸಭೆ ದೊಡ್ಡ ಹುಣಸೆಮರದ ಕೆಳಗೆ. ಊರೆಲ್ಲ ಬಂದಿತ್ತು. ಹಸಿದ ಜನ ಕೂತರೆ ನೆರಳು ಕೂಡ ತೆಳ್ಳಗೆ ಕಾಣುತ್ತದೆ. ನೂಹುವನ್ನು ತಂದರು: ಕೈ ಹಿಂದೆ ಕಟ್ಟಿ, ಬಾಯಿಗೆ ಬಟ್ಟೆ ತುರುಕಿ, ಸೊಂಟಕ್ಕೆ ಆಗಲೇ ಕಲ್ಲು ಕಟ್ಟಿದ ಹಗ್ಗ ಬಿಗಿದು. ನನ್ನನ್ನು ಕಂಡು ತಲೆ ಅಲ್ಲಾಡಿಸಿದ. ಒಂದು ಸಲವಲ್ಲ, ಮತ್ತೆ ಮತ್ತೆ. ಹೆದರಿದ್ದಾನೆ ಎಂದುಕೊಂಡೆ. ಕಣ್ಣಲ್ಲೇ ಸಮಾಧಾನ ಹೇಳಿದೆ.

ಕೆಲೆಫಾ ಎದ್ದು ಮಾಲಿಯ ದಂಡಿನ ಮಾತು ಹೇಳಿದ. ಅಬ್ಬಾ, ಎಂಥ ಮಾತುಗಾರ! ಕುದುರೆಗಳ ಬಣ್ಣ ಹೇಳಿದ, ಕಹಳೆ ಎಷ್ಟು ಎಂದು ಹೇಳಿದ, ಮೂಟೆ ಮೂಟೆ ಸಜ್ಜೆ ತಂದಿದ್ದಾರೆ ಎಂದ. ಸಜ್ಜೆ ಎನ್ನುವ ಮಾತಿಗೆ ಹೆಂಗಸರು ಅತ್ತರು.

ಖಾಜಿ ನನ್ನ ಕಡೆ ತಿರುಗಿದರು. "ಸಾನಾಬಾ ತರಾವೆಲೆ, ಮೂರು ದಿನ ನಿನ್ನ ಸೂರಿನಡಿ ಮಲಗಿದಾನೆ, ನಿನ್ನ ಕೈಯಲ್ಲಿ ಉಂಡಿದಾನೆ. ದೇವರ ಮುಂದೆ ಹೇಳು ತಾಯಿ. ಈ ಮನುಷ್ಯ ಜಾರಾ ಹೌದೋ?"

ನನ್ನ ಸೊಂಟದಲ್ಲಿ ಕಾಳಿನ ಗಂಟಿತ್ತು. ಬಿಚ್ಚಿ ಖಾಜಿಯ ಮುಂದೆ ಸುರಿದಿದ್ದರೆ ಏನಾಗುತ್ತಿತ್ತೋ! ನಾನು ಊರಿನ ಮುಖ ನೋಡಲಿಲ್ಲ. ಕುಂಬಾಳ ಮುಖ ನೋಡಿದೆ. ಅವಳು ಉಸಿರು ಹಿಡಿದು ನಿಂತಿದ್ದಳು.

"ಹೌದು" ಎಂದೆ. "ಜಾರಾನೇ. ಅಲಸಂದೆ ತಿನ್ನೋ ಜಾತಿ."

ಸಭೆ ಗೊಳ್ಳೆಂದು ನಕ್ಕಿತು. ಎರಡು ವರ್ಷದಲ್ಲಿ ನಮ್ಮೂರು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು. ಖಾಜಿ ಕೂಡ ಗಡ್ಡ ಸವರಿಕೊಂಡರು. ಸುಂಗಾಲೊ ತನ್ನ ಮಾತು ಉಳಿಸಿಕೊಂಡ. ಈಜುಗಾರನ ಕತೆ ಹೇಳಿದ, ನೂಹು ನಿರ್ದೋಷಿ ಎಂದ, ಸೊಂಟದ ಹಗ್ಗ ಕೊಯ್ಯಿಸಿದ. ಪಡುವಣ ಬಾಗಿಲ ದೊಡ್ಡ ಮರದ ಬೀಗದ ಕೈ ಹಿರಿಯರ ಕೈಯಿಂದ ಅವನ ಕೈಗೆ ಬಂತು. ಅವನೂ ಕೆಲೆಫಾನೂ ಹೊರಟರು. ಡೋಲು ಬಡಿಯುತ್ತ ಅರ್ಧ ಊರು ಹಿಂದೆ ಹೊರಟಿತು.

ಅವರು ತಿರುವಿನಲ್ಲಿ ಮರೆಯಾದ ಮೇಲಷ್ಟೇ ಕಾವಲಿನವನು ನೂಹುವಿನ ಕೈಕಟ್ಟು ಬಿಚ್ಚಿ, ಬಾಯಿಯ ಬಟ್ಟೆ ಕಿತ್ತ.

ಕುಂಬಾ ಓಡಿಹೋಗಿ ಗಂಡನ ಕುತ್ತಿಗೆಗೆ ಜೋತುಬಿದ್ದಳು. ಅವನು ಅವಳನ್ನು ಪಕ್ಕಕ್ಕೆ ಸರಿಸಿ ನನ್ನ ಮುಂದೆ ಬಂದು ನಿಂತ. ತುಟಿ ಒಡೆದು ರಕ್ತ ಒಣಗಿತ್ತು.

"ಅತ್ತೆ, ಯಾಕೆ ಹಂಗಂದ್ರಿ?"

"ಇನ್ನೇನಪ್ಪ ಮಾಡ್ಲಿ? ನಿನ್ನ ಜೀವ..."

"ನಾನು ನೋಡಿದ್ದೆ ಅತ್ತೆ. ಬಲೆ ತಗೊಳ್ಳೋಕೆ ದಂಡೆಗೆ ಹೋಗಿದ್ದೆ. ನಿಮ್ಮ ಅತಿಥಿ ಜಾಂಗೊ ಮಾವನ ಕೊರಳಿಗೆ ಹಗ್ಗ ಹಾಕಿದ್ದು, ದಳಪತಿ ಕಾಲು ಹಿಡ್ಕೊಂಡಿದ್ದು, ಎರಡನ್ನೂ ಈ ಕಣ್ಣಲ್ಲಿ ನೋಡ್ದೆ. ಕೂಗೋ ಅಷ್ಟರಲ್ಲಿ ಬಾಯಿಗೆ ಬಟ್ಟೆ ಬಿತ್ತು."

ನನಗೆ ಮಾತು ಹೊರಡಲಿಲ್ಲ. ನನಗೆ!

"ಇಳಿಹೊತ್ತಿನ ತನಕ ತಡ್ಕೊಂಡಿದ್ರೆ ಸಾಕಿತ್ತು" ಎಂದ ನೂಹು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇರಿಯಿತು. "ಹೊಳೆಗೆ ಹಾಕೋ ಮುಂಚೆ ದಂಡೆ ಮೇಲೆ ಬಾಯಿ ಬಿಚ್ಚಲೇಬೇಕಲ್ಲ. ಸಾಯೋನ ಕೊನೇ ಮಾತು ಇಡೀ ಊರು ನಿಂತು ಕೇಳಲೇಬೇಕಲ್ಲ. ಅದನ್ನೇ ಕಾಯ್ತಿದ್ದೆ. ಅದಕ್ಕೇ ದಳಪತಿ ಹೆದರಿದ್ದ. ಬೆಳಗಿಂದ ನಡುಗ್ತಿದ್ದ ಅತ್ತೆ. ನೀವು ಬಂದು ಅವನನ್ನ ಉಳಿಸಿದ್ರಿ."

ಸುಂಗಾಲೊ ನನಗೆ ಭಿಕ್ಷೆ ಹಾಕಿರಲಿಲ್ಲ. ನನ್ನಿಂದ ಎತ್ತಿಕೊಂಡಿದ್ದ.

"ಖಾಜಿ ಹತ್ರ ಹೋಗೋಣ. ಈಗಲೇ" ಎಂದು ಅವನ ಕೈ ಹಿಡಿದೆ.

"ಈಗ ನಾನು ಸಾಯೋನಲ್ಲ ಅತ್ತೆ. ಬರೀ ಒಬ್ಬ ಬೆಸ್ತ. ಮನೆ ಕೊಟ್ಟವಳು ಹೌದು ಅಂದಿದ್ದನ್ನ ಬೆಸ್ತ ಅಲ್ಲ ಅಂದ್ರೆ ಯಾರು ಕೇಳ್ತಾರೆ?"

ಪಡುವಣದ ಕಡೆ ಡೋಲು ಒಮ್ಮೆಲೇ ನಿಂತಿತು. ಸಭೆಯಲ್ಲಿ ಉಳಿದವರೆಲ್ಲ ಕತ್ತು ಎತ್ತಿ ಕೇಳಿಸಿಕೊಂಡರು. ಬಾಗಿಲ ಮರದ ತೊಲೆ ಕಿತ್ತು ನೆಲಕ್ಕೆ ಬಿದ್ದ ಸದ್ದು ಬಂತು.

ನೂಹು ನನ್ನ ಕೈ ಬಿಡಿಸಿಕೊಂಡ. ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿ, ಕಲ್ಲನ್ನು ಮತ್ತೆ ತನ್ನ ಸೊಂಟಕ್ಕೆ ಬಿಗಿದುಕೊಳ್ಳತೊಡಗಿದ. ಕುಂಬಾ ಕಿರುಚಿದಳು.

"ಜನ ಕರೀರಿ ಅತ್ತೆ, ಸಾಯೋನ ಮಾತು ಕೇಳೋಕೆ" ಎಂದ, ಗಂಟನ್ನು ಹಲ್ಲಿನಿಂದ ಎಳೆಯುತ್ತ. "ದಂಡೆಗೆ."